ಕುಡಿತ ಬಿಡುವವರ ಸಭೆಗಳನ್ನು ಹುಡುಕುವುದು ಹೇಗೆ? ಅಲ್ಲಿ ಏನು ನಡೆಯುತ್ತದೆ?

ಇಂತಹ ಸಭೆಗಳು ಎಲ್ಲಿ ಸಿಗುತ್ತವೆ, ಕನ್ನಡದಲ್ಲಿ ನಡೆಯುತ್ತವೆಯೇ, ಪರಿಚಯದವರು ಯಾರಾದರೂ ಕಂಡರೆ ಏನು ಗತಿ ಎಂದು ನೀವು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಆರು ವರ್ಷಗಳಿಂದ ಈ ಸಭೆಗಳಿಗೆ ಹೋಗುತ್ತಿರುವವನು. ಆ ಅನುಭವದಿಂದ ಉತ್ತರಿಸುತ್ತೇನೆ.

ಸಭೆಯ ಮಾತಿಗೆ ಮೊದಲು ವೈದ್ಯರ ಮಾತು ಬರಬೇಕು. ಬೆಳಿಗ್ಗೆ ಎದ್ದಕೂಡಲೇ ಕುಡಿಯಬೇಕೆನಿಸುವಷ್ಟು, ಕುಡಿಯದಿದ್ದರೆ ಕೈ ನಡುಗುವಷ್ಟು ಅಭ್ಯಾಸವಾಗಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಮನೆದೇವರ ಮೇಲೆ ಆಣೆ ಇಟ್ಟು, ಬಾಗಿಲು ಹಾಕಿಕೊಂಡು ಮಲಗಿದ ನನಗೆ ಎರಡನೆಯ ದಿನ ಫಿಟ್ಸ್ ಬಂದು, ಹಲ್ಲಿಗೆ ಸಿಕ್ಕಿದ ನಾಲಿಗೆ ಸೀಳಿಹೋಗಿತ್ತು. ವರ್ಷಗಟ್ಟಲೆ ಮದ್ಯಕ್ಕೆ ಹೊಂದಿಕೊಂಡ ಮೆದುಳು ಅದು ತಟ್ಟನೆ ನಿಂತಾಗ ಹತೋಟಿ ತಪ್ಪುತ್ತದೆ. ಕೆಲವರಿಗೆ ಮೂರನೆಯ, ನಾಲ್ಕನೆಯ ದಿನದ ಹೊತ್ತಿಗೆ ಸನ್ನಿಯಾಗಿ ಪ್ರಾಣಕ್ಕೇ ಕುತ್ತು ಬರುವುದುಂಟು. ಇದನ್ನು ತಡೆಯುವ ಮಾತ್ರೆಗಳಿವೆ, ಆದರೆ ಅವು ವೈದ್ಯರ ಕೈಯಿಂದಲೇ ಬರಬೇಕು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದೂರದ ಊರಿನವರು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ 14416 ಸಂಖ್ಯೆಯ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗಾಗಲಿ, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕಾಗಲಿ ಕರೆ ಮಾಡಿ.

ಇನ್ನು ಸಭೆಗಳ ವಿಚಾರ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಎನ್ನುವ ಕೂಟ, ನಮ್ಮಲ್ಲಿಯೂ ಇದೆ. ಅದರ ಭಾರತದ ಜಾಲತಾಣದಲ್ಲಿ ಊರಿನ ಹೆಸರು ಹಿಡಿದು ಹುಡುಕಬಹುದು. ಆದರೆ ಹೊರಡುವ ಮುನ್ನ ಫೋನ್ ಮಾಡಿಯೇ ಹೋಗಿ. ಯಾರೋ ಕೊಟ್ಟ ಹಳೆಯ ವಿಳಾಸದ ಚೀಟಿ ನಂಬಿ ಹೋದ ನನಗೆ ಎದುರಾದದ್ದು ಬೀಗ ಹಾಕಿದ ಶಾಲೆಯ ಗೇಟು, ಅದರ ಎದುರಿಗೇ ಒಂದು ಬಾರು. ಆ ಸಂಜೆ ಎಲ್ಲಿ ಕಳೆಯಿತೆಂದು ಬೇರೆ ಹೇಳಬೇಕಾಗಿಲ್ಲ.

ಹಳ್ಳಿಗಳ ಕಡೆ ಎಎಗಿಂತ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳೇ ಹೆಚ್ಚು ಪರಿಚಿತ. ಎಂಟು ದಿನದ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಸೇರುತ್ತಾರೆ. ಶಿಬಿರಕ್ಕಿಂತ ಆಮೇಲಿನ ಈ ಸೇರುವಿಕೆಯೇ ಮುಖ್ಯವೆಂದು ನನ್ನ ಎಣಿಕೆ, ಏಕೆಂದರೆ ಬಿಡುವುದು ಅಷ್ಟು ಕಷ್ಟವಲ್ಲ, ನಾನೇ ಹತ್ತು ಸಲ ಬಿಟ್ಟಿದ್ದೆ.

ಹಲವು ಸಭೆಗಳು ಕಣ್ಣಿಗೆ ಬಿದ್ದಾಗ ಹತ್ತಿರದ್ದನ್ನೇ ಆರಿಸಬೇಕೆಂದಿಲ್ಲ. ನೀವು ಸಾಮಾನ್ಯವಾಗಿ ಮೊದಲ ಗುಟುಕು ಹಾಕುತ್ತಿದ್ದ ಹೊತ್ತಿಗೆ ನಡೆಯುವ ಸಭೆಯನ್ನು ಆರಿಸಿ. ನನ್ನ ಹೊತ್ತು ಸಂಜೆ ಏಳು. ಏಳು ಗಂಟೆಗೆ ಕುರ್ಚಿಯಲ್ಲಿ ಕುಳಿತು, ಎಂಟೂವರೆಗೆ ಎದ್ದು ಬಸ್ಸು ಹಿಡಿದು ಮನೆ ಸೇರಿದರೆ ಊಟದ ಹೊತ್ತಾಗಿರುತ್ತಿತ್ತು. ಭಾಷೆಯನ್ನೂ ನೋಡಿ. ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳಿನ ಸಭೆಗಳಿವೆ. ಕಚೇರಿಯಲ್ಲಿ ಇಂಗ್ಲಿಷ್ ಮಾತನಾಡುವ ನಾನು ಮೊದಲು ಇಂಗ್ಲಿಷ್ ಸಭೆಗೇ ಹೋಗುತ್ತಿದ್ದೆ. ಅಲ್ಲಿ ಚೆಂದವಾಗಿ ಸುಳ್ಳು ಹೇಳಲು ಬರುತ್ತಿತ್ತು. ಮಗಳ ಶಾಲೆಯ ಫೀಸಿನ ದುಡ್ಡು ಕುಡಿದುಹಾಕಿದ ಮಾತು ಬಾಯಿಗೆ ಬಂದದ್ದು ಕನ್ನಡದ ಸಭೆಯಲ್ಲಿ.

ಒಳಗೆ ನಡೆಯುವುದು ಇಷ್ಟೇ. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಕುಡಿತದಿಂದ ಹೊರಬರಲು ಎಎ ಹಾಕಿಕೊಟ್ಟ ಹನ್ನೆರಡು ಮೆಟ್ಟಿಲುಗಳ ಪಟ್ಟಿ, ಮೂಲೆಯಲ್ಲಿ ಚಹಾದ ಫ್ಲಾಸ್ಕು. ಒಬ್ಬೊಬ್ಬರೇ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಒಪ್ಪಿಕೊಂಡು, ಐದಾರು ನಿಮಿಷ ತಮ್ಮ ಕಥೆ ಹೇಳುತ್ತಾರೆ. ನಡುವೆ ಬಾಯಿ ಹಾಕುವುದಾಗಲಿ, ಬುದ್ಧಿ ಹೇಳುವುದಾಗಲಿ ಇಲ್ಲ. ನೀವು ಮಾತನಾಡಲೇಬೇಕೆಂಬ ನಿಯಮವೂ ಇಲ್ಲ. ಮೊದಲ ನಾಲ್ಕು ವಾರ ನಾನು ತಲೆ ಎತ್ತಿರಲಿಲ್ಲ. ಚಂದಾ ಇಲ್ಲ, ಕೊನೆಯಲ್ಲಿ ಡಬ್ಬಿಯೊಂದು ಕೈಯಿಂದ ಕೈಗೆ ಬರುತ್ತದೆ, ಇದ್ದರೆ ಹಾಕಿ. ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ, ಆದರೆ ನಿಮ್ಮ ತಿಳಿವಳಿಕೆಯ ದೇವರೆಂದೇ ಅಲ್ಲಿ ಬರೆದಿದೆ. ನಮ್ಮ ಗುಂಪಿನ ನಾಸ್ತಿಕರೊಬ್ಬರು ಆ ಜಾಗದಲ್ಲಿ ಗುಂಪನ್ನೇ ಇಟ್ಟುಕೊಂಡಿದ್ದಾರೆ.

ಹೊಸಬರಿಗೆ 90 ದಿನದಲ್ಲಿ 90 ಸಭೆ ಎಂದು ಹಿರಿಯ ಸದಸ್ಯರು ಹೇಳುವುದುಂಟು. ಅಲ್ಲಿಯವರೆಗೆ ನೈಂಟಿ ಎಂದರೆ ನನಗೆ ಮದ್ಯದಂಗಡಿಯ 90 ಮಿಲಿ ಪ್ಯಾಕೆಟ್ಟಷ್ಟೇ ಗೊತ್ತಿತ್ತು! ನನಗೆ ಕೂಡಿಬಂದದ್ದು ಐವತ್ತೆಂಟು ಸಭೆ. ನಡುವೆ ಒಮ್ಮೆ ಕುಡಿದು, ಮರುದಿನ ಮತ್ತೆ ಹೋಗಿ ಕುಳಿತೆ; ಯಾರೂ ಗದರಲಿಲ್ಲ.

ಪರಿಚಯದವರು ಕಂಡರೆ ಎಂಬ ಅಂಜಿಕೆ ನನಗೂ ಇತ್ತು. ಮೂರನೆಯ ಸಭೆಯಲ್ಲಿಯೇ ನಮ್ಮ ಬೀದಿಯ ಔಷಧಿ ಅಂಗಡಿಯವರು ಕಂಡರು. ಇಬ್ಬರೂ ಒಂದು ಕ್ಷಣ ಬೆಪ್ಪಾದೆವು. ಅವರೂ ಅದೇ ಬಾಗಿಲಿನಿಂದ ಬಂದವರಲ್ಲವೇ. ಒಳಗೆ ಕೇಳಿದ್ದು ಹೊರಗೆ ಹೋಗಬಾರದು, ಪೂರ್ತಿ ಹೆಸರು ಕೇಳಬಾರದು ಎಂಬುದು ಅಲ್ಲಿನ ಕಟ್ಟಳೆ. ಇನ್ನೂ ಸಂಕೋಚವೆನಿಸಿದರೆ ಮುಕ್ತ ಸಭೆಗಳಿಗೆ ಮೊದಲು ಹೋಗಿ. ಅವಕ್ಕೆ ಮನೆಯವರು, ವಿದ್ಯಾರ್ಥಿಗಳು, ಯಾರು ಬೇಕಾದರೂ ಬರಬಹುದಾದ್ದರಿಂದ ನೀವು ಯಾವ ಕಾರಣಕ್ಕೆ ಬಂದಿರೆಂದು ಯಾರಿಗೂ ತಿಳಿಯುವುದಿಲ್ಲ. ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ನನ್ನ ಹೆಂಡತಿ ನನಗಿಂತ ಮೊದಲೇ ಅಲ್ಲಿಗೆ ಹೋಗುತ್ತಿದ್ದಳೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಸಭೆ ಮುಗಿದೊಡನೆ ಚಪ್ಪಲಿ ಹಾಕಿಕೊಂಡು ಓಡಬೇಡಿ. ಚಹಾ ಕುಡಿಯುತ್ತಾ ಇಬ್ಬರು ಮೂವರ ಫೋನ್ ನಂಬರು ಕೇಳಿ ಪಡೆಯಿರಿ, ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಔಷಧಿ ಅಂಗಡಿಯವರ ನಂಬರು ನನ್ನ ಬಳಿ ಈಗಲೂ ಇದೆ. ಮದುವೆ ಮನೆಗಳಿಗೆ ಹೋಗುವ ಮುನ್ನ ಒಂದು ಸಲ, ಬಂದ ಮೇಲೆ ಒಂದು ಸಲ ಅವರಿಗೆ ಕರೆ ಮಾಡುತ್ತೇನೆ.