‘ಸೋಮಾರಿ’ ಅನ್ನಿಸಿಕೊಂಡ ಟೀಚರ್

ಅದು ಏಪ್ರಿಲ್ ತಿಂಗಳು. ಬಳ್ಳಾರಿ ಕಡೆಯ ಬಿಸಿಲು ಗೊತ್ತಲ್ಲ, ಫ್ಯಾನ್ ಹಾಕಿದರೂ ಬಿಸಿಗಾಳಿಯೇ. ಕೌನ್ಸೆಲಿಂಗ್‌ಗೆಂದು ಬಂದು ನನ್ನ ಎದುರು ಕೂತಿದ್ದ ಸುಮಿತ್ರಾ (ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ) ಸೆರಗನ್ನು ಮೈತುಂಬ ಹೊದ್ದುಕೊಂಡು, “ಮೇಡಂ, ಸ್ವಲ್ಪ ಫ್ಯಾನ್ ಆರಿಸ್ತೀರಾ?” ಎಂದರು. ಆರಿಸಿದೆ. ಯಾಕೆ ಅಂತ ಕೇಳಲಿಲ್ಲ. ನನ್ನ ತಪ್ಪು ಶುರುವಾಗಿದ್ದು ಅಲ್ಲೇ.

ವಯಸ್ಸು 36. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಟೀಚರ್. ಕರೆದುಕೊಂಡು ಬಂದವರು ಗಂಡ. ಬಸ್‌ಸ್ಟ್ಯಾಂಡ್ ಹತ್ತಿರ ಸಣ್ಣದೊಂದು ಹೋಟೆಲ್ ನಡೆಸುತ್ತಾರೆ. “ಮೊದಲು ಹಿಂಗಿರಲಿಲ್ಲ ರೀ ಮೇಡಂ. ಈಗ ಶಾಲೆಯಿಂದ ಬಂದವಳೇ ಮಲಗಿಬಿಡ್ತಾಳೆ. ಯಾವುದೂ ನೆನಪಿರಲ್ಲ. ನಮ್ಮವ್ವ ಸೋಮಾರಿ ಅಂತಾರೆ, ಇವಳು ಮಾತೇ ಆಡಲ್ಲ.” ಸುಮಿತ್ರಾ ಅವರ ತಾಯಿ ಹೋಗಿ ಒಂದು ವರ್ಷವಾಗಿತ್ತು. ನನಗೆ ಅಷ್ಟು ಸಾಕಾಯಿತು. ಇದು ದುಃಖ, ಹೊರಗೆ ಬಂದಿಲ್ಲ ಅಂದುಕೊಂಡೆ. ಎರಡು ಭೇಟಿ ಪೂರ್ತಿ ತಾಯಿಯ ಬಗ್ಗೆಯೇ ಮಾತಾಡಿಸಿದೆ. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಒಂದು ಹನಿ ಕಣ್ಣೀರಿಲ್ಲ. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. “ಅದಕ್ಕೂ ಶಕ್ತಿ ಬೇಕಲ್ಲ ಮೇಡಂ” ಎಂದರು. ಟೆಲಿ ಮಾನಸ್ ಸಹಾಯವಾಣಿಯ 14416 ನಂಬರ್ ಬರೆದುಕೊಟ್ಟು ಕಳಿಸಿದೆ.

ಮೂರನೇ ಸಲ ಬಂದಾಗ ಮಾತಿನ ನಡುವೆ ಸುಮ್ನೆ ಹೇಳಿದರು: “ಮಕ್ಕಳು ದಿನಾ ಕೇಳ್ತಾವೆ, ಮಿಸ್ ನಿಮಗೆ ಶೀತ ಆಗಿದೆಯಾ ಅಂತ.” ಆಗ ಕಿವಿಗೊಟ್ಟು ಕೇಳಿದೆ. ದನಿ ದಪ್ಪಗಾಗಿ ಒಡೆದಿತ್ತು. ಶೀತವೇನೂ ಇರಲಿಲ್ಲ. ಫ್ಯಾನ್ ನೆನಪಾಯಿತು. ಮುಂದಿನ ಅರ್ಧ ಗಂಟೆ ಮನಸ್ಸಿನ ವಿಷಯ ಬಿಟ್ಟು ಬರೀ ಮೈಯ ವಿಷಯ ಕೇಳಿದೆ. ಬಾಚಣಿಗೆ ತುಂಬ ಕೂದಲು, ನಾಲ್ಕು ದಿನಕ್ಕೊಮ್ಮೆ ಮಲವಿಸರ್ಜನೆ, ಹತ್ತು ದಿನವಾದರೂ ನಿಲ್ಲದ ಮುಟ್ಟು, ಊಟ ಕಡಿಮೆಯಾದರೂ ಏರುವ ತೂಕ, ಒಡೆದ ಚರ್ಮ. ಇದನ್ನೆಲ್ಲ ಯಾಕೆ ಮೊದಲೇ ಹೇಳಲಿಲ್ಲ ಎಂದರೆ, “ನೀವು ಕೇಳಲಿಲ್ಲ” ಎಂದರು. ನಿಜ ಅಲ್ವಾ?

ನಾನು ಡಾಕ್ಟರ್ ಅಲ್ಲ. ಒಂದು ಚೀಟಿ ಬರೆದು ಫಿಸಿಷಿಯನ್ ಹತ್ತಿರ ಕಳಿಸಿದೆ. ರಕ್ತ ಪರೀಕ್ಷೆಯಲ್ಲಿ, ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು ಟಿ.ಎಸ್.ಎಚ್. 48. ಸಾಮಾನ್ಯವಾಗಿ ಅದು ಸುಮಾರು 0.4ರಿಂದ 4.5ರ ಒಳಗಿರಬೇಕು. ಥೈರಾಯ್ಡ್ ತಯಾರಿಸುವ ಹಾರ್ಮೋನು ಟಿ4 ತೀರಾ ಕಡಿಮೆ. ಜೊತೆಗೆ ರಕ್ತಹೀನತೆ.

ವರದಿ ಹಿಡಿದು ಬಂದ ಗಂಡನ ಪ್ರಶ್ನೆ ತುಂಬ ಜನ ಕೇಳುವಂಥದ್ದು. “ಇಲ್ಲಿ ಜಾಸ್ತಿ ಅಂತ ಬರೆದಿದೆ. ಡಾಕ್ಟರ್ ಥೈರಾಯ್ಡ್ ಕಡಿಮೆ ಅಂತಾರೆ. ಯಾವುದು ನಿಜ?” ಅವರ ಹೋಟೆಲನ್ನೇ ಹಿಡಿದುಕೊಂಡೆ. ಸಪ್ಲೈಯರ್ ಒಳಗೆ ಕೂಗುತ್ತಾನೆ, ‘ಎರಡು ಒಗ್ಗರಣೆ, ಒಂದು ಮಿರ್ಚಿ!’ ಒಳಗಿನಿಂದ ಪ್ಲೇಟ್ ಬಂದರೆ ಸುಮ್ಮನಾಗುತ್ತಾನೆ. ಬರದಿದ್ದರೆ? “ಇನ್ನೂ ಜೋರಾಗಿ ಕೂಗ್ತಾನೆ.” ಟಿ.ಎಸ್.ಎಚ್. ಆ ಕೂಗು. ಕೂಗುವುದು ಮೆದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿ. ಪ್ಲೇಟ್ ಕಳಿಸಬೇಕಾದದ್ದು ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಹಾಗೆ ಕೂತಿರುವ ಥೈರಾಯ್ಡ್. ಒಲೆ ಆರಿದೆ, ಅದಕ್ಕೇ ಕೂಗು 48ಕ್ಕೆ ಏರಿದೆ. ಪಿಟ್ಯುಟರಿಗೂ ಮೇಲೆ ಗಲ್ಲಾದಲ್ಲಿ ಕೂತ ಯಜಮಾನನ ಥರ ಮೆದುಳಿನದೇ ಒಂದು ಭಾಗ, ಹೈಪೋಥಲಾಮಸ್ ಇದೆ. ಗಂಡ ನಕ್ಕರು.

ಸುಮಿತ್ರಾ ನಗಲಿಲ್ಲ. “ನಿರ್ನಾಳ ಗ್ರಂಥಿಗಳ ಚಿತ್ರ ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಬೋರ್ಡ್ ಮೇಲೆ ಬಿಡಿಸ್ತೀನಿ ಮೇಡಂ” ಎಂದರು. ಜೊಲ್ಲಿನ ಗ್ರಂಥಿಗಾದರೆ ಬಾಯಿಗೆ ಬರುವ ನಾಳ ಇರುತ್ತದೆ, ಥೈರಾಯ್ಡ್‌ಗೆ ಅದಿಲ್ಲ, ಹಾರ್ಮೋನು ನೇರ ರಕ್ತಕ್ಕೆ ಸೇರುತ್ತದೆ ಎಂದು ಅವರೇ ಗಂಡನಿಗೆ ಹೇಳಿಕೊಟ್ಟರು. ರಕ್ತ ಹೋಗುವ ಕಡೆಗೆಲ್ಲ ಅದೂ ಹೋಗುತ್ತದೆ. ಹೃದಯ, ಕರುಳು, ಚರ್ಮ, ಗರ್ಭಕೋಶ, ಮೆದುಳು ಎಲ್ಲ ಎಷ್ಟು ಚುರುಕಾಗಿ ಕೆಲಸ ಮಾಡಬೇಕು ಅನ್ನುವುದಕ್ಕೆ ಅದು ಬೇಕು. ಅದು ಕಡಿಮೆಯಾದಾಗ ಮನಸ್ಸು ಮಾತ್ರ ಚುರುಕಾಗಿರಲು ಹೇಗೆ ಸಾಧ್ಯ?

ಅತ್ತೆಗೂ ಒಂದು ಅನುಮಾನವಿತ್ತು. ಫೋನಿನಲ್ಲಿ ಮಾತಾಡಿದೆ. “ಟೆನ್ಶನ್ ಮಾಡಿಕೊಂಡು ತಂದುಕೊಂಡಳಾ?” ಇಲ್ಲ ಎಂದೆ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆ ತಿರುಗಿಬೀಳುವುದರಿಂದ ಹೀಗಾಗುವುದು ಸಾಮಾನ್ಯ. 1912ರಲ್ಲೇ ಹಶಿಮೊಟೊ ಎಂಬ ಜಪಾನಿ ವೈದ್ಯರು ಇದನ್ನು ವಿವರಿಸಿದ್ದರು. ಇವರ ಪರೀಕ್ಷೆಯಲ್ಲೂ ಅದೇ ಕಂಡಿತ್ತು. ಅಯೋಡಿನ್ ಉಪ್ಪು ಜಾಸ್ತಿ ಹಾಕಿದರೆ ಸರಿಹೋಗುತ್ತದಾ ಎಂದರು. ಅದೂ ಬೇಡ, ಅಯೋಡಿನ್ ಅತಿಯಾದರೂ ತೊಂದರೆ. ಆ ‘ಸೋಮಾರಿ’ ಪದ ಒಂದನ್ನು ಬಿಟ್ಟರೆ ಸಾಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೇನು ಗೊತ್ತವ್ವ” ಎಂದರು. ಅವರಿಂದ ಅಷ್ಟು ಬಂದದ್ದೇ ದೊಡ್ಡದು.

ಡಾಕ್ಟರ್ ಲೆವೊಥೈರಾಕ್ಸಿನ್ ಮಾತ್ರೆ ಶುರು ಮಾಡಿದರು. ಏಳು ವಾರದ ನಂತರ ಟಿ.ಎಸ್.ಎಚ್. 31. ಇಳಿದದ್ದು ಸಾಲದು. ಡೋಸ್ ಏರಿಸುವ ಮಾತು ಬಂತು. ನನಗೆ ಯಾಕೋ ಅವರ ಬೆಳಗಿನ ಚಿತ್ರ ಬೇಕಾಯಿತು. ಎದ್ದ ಕೂಡಲೇ ಏನೇನು ಮಾಡುತ್ತೀರಿ, ಒಂದೂ ಬಿಡದೆ ಹೇಳಿ ಎಂದೆ. ಐದೂವರೆಗೆ ಏಳುವುದು, ಬಾಗಿಲಿಗೆ ನೀರು, ರಂಗೋಲಿ, ಚಹಾ ಕುದಿಸುವುದು. ಆಮೇಲೆ? “ಚಹಾ ಕುಡೀತಾ ಎರಡೂ ಮಾತ್ರೆ ನುಂಗಿಬಿಡ್ತೀನಿ. ಥೈರಾಯ್ಡಿಂದು, ರಕ್ತದ್ದು. ಒಂದೇ ಸಲಕ್ಕೆ ಮುಗೀತದೆ.” ಅಲ್ಲಿತ್ತು ಗಂಟು. ಕಬ್ಬಿಣಾಂಶದ ಮಾತ್ರೆ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯದೂ ಇದೇ ಕತೆ. ಹಾಲು ಹಾಕಿದ ಚಹಾ ಕೂಡ ಅಡ್ಡ ಬರುತ್ತದೆ.

ಇದನ್ನು ಡಾಕ್ಟರ್‌ಗೂ ತಿಳಿಸಿದೆವು. ಅವರು ಡೋಸ್ ಹಾಗೇ ಬಿಟ್ಟು ಸಮಯ ಬದಲಿಸಿದರು. ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ. ಚಹಾ ಮುಕ್ಕಾಲು ಗಂಟೆ ಬಿಟ್ಟು. ಕಬ್ಬಿಣಾಂಶದ್ದು ರಾತ್ರಿಗೆ, ಯಾಕೆಂದರೆ ಎರಡರ ನಡುವೆ ನಾಲ್ಕು ಗಂಟೆಯಾದರೂ ಇರಬೇಕು. ಮಾತ್ರೆಯ ಪಟ್ಟಿಯನ್ನು ರಂಗೋಲಿ ಡಬ್ಬಿಯ ಪಕ್ಕ ಇಡಿ ಎಂದೆ, ಬಾಗಿಲಿಗೆ ಹೋಗುವ ಮೊದಲು ಕಣ್ಣಿಗೆ ಬೀಳಲಿ ಅಂತ. ಮೈ ಹಗುರಾಯಿತೆಂದು ತಾವೇ ನಿಲ್ಲಿಸಬಾರದು ಎಂದು ಎರಡು ಸಲ ಹೇಳಿದೆ. ಇದು ಜ್ವರದ ಮಾತ್ರೆಯಲ್ಲ, ಗ್ರಂಥಿ ಮಾಡಬೇಕಾದದ್ದನ್ನು ಹೊರಗಿನಿಂದ ಕೊಡುವುದು. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಏರುಪೇರೆಲ್ಲ ನಿಧಾನ. ಅದಕ್ಕೇ ಪರೀಕ್ಷೆಗೆ ಆರೆಂಟು ವಾರ ಕಾಯಿಸುವುದು.

ಮುಂದಿನ ವರದಿಯಲ್ಲಿ 3.2 ಬಂತು. ಆದರೆ ಅದಕ್ಕೂ ಎರಡು ವಾರ ಮೊದಲೇ ಸುಮಿತ್ರಾ ಬಂದು ನನ್ನೆದುರು ಅತ್ತಿದ್ದರು. ತಾಯಿಯ ಸೀರೆಯೊಂದನ್ನು ಬೀರುವಿನಿಂದ ತೆಗೆದರಂತೆ, ವರ್ಷದ ಮೇಲೆ ಮೊದಲ ಸಲ. ನಾನು ಮೊದಲು ಊಹಿಸಿದ ದುಃಖ ಸುಳ್ಳೇನೂ ಆಗಿರಲಿಲ್ಲ. ಅಳುವಷ್ಟು ಜೀವವೇ ಆಗ ಮೈಯಲ್ಲಿರಲಿಲ್ಲ ಅಂತ ನನಗನ್ನಿಸುತ್ತದೆ. ಆಮೇಲಿನ ನಾಲ್ಕು ಭೇಟಿ ತಾಯಿಯದೇ ಮಾತು, ಈ ಸಲ ಅವರಾಗಿಯೇ.

ತೂಕ ಅವರು ಅಂದುಕೊಂಡಷ್ಟು ಇಳಿದಿಲ್ಲ. ಅದಕ್ಕೆ ಬೇಸರವಿದೆ. ಈಗ ಎರಡನೇ ಮಗುವಿನ ಯೋಚನೆಯೂ ಇದೆ. ಅದಕ್ಕೆ ನಾನು ಹೇಳಿರುವುದು ಇಷ್ಟು: ಮೊದಲೇ ಡಾಕ್ಟರ್‌ಗೆ ತಿಳಿಸಿ. ಗರ್ಭ ನಿಂತಿದೆ ಎಂದು ಗೊತ್ತಾದ ದಿನವೇ ಫೋನ್ ಮಾಡಿ, ಆಗ ಸಾಮಾನ್ಯವಾಗಿ ಡೋಸ್ ಏರಿಸಬೇಕಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿಗೂ ಬೇಕಾಗುವುದು ತಾಯಿಯ ಹಾರ್ಮೋನೇ. ಗಂಡ ಅದನ್ನು ಹೋಟೆಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡರು.