ಡಾಕ್ಟ್ರೇ ಒಂದ್ ಮಾತು: ಚಪ್ಪಲಿ ಜಾರಿದ್ದೇ ಗೊತ್ತಾಗ್ಲಿಲ್ವಾ?

ಕಾಫಿ ಕೊಯ್ಲು ಮುಗೀತಾ ಬಂತು, ಮೆಣಸು ಶುರುವಾಯ್ತು, ಅಂದ್ರೆ ನಮ್ಮ ಓಪಿಡಿಗೆ ಸೊಂಟ ಹಿಡ್ಕೊಂಡು ಬರೋರ ಸೀಸನ್ನು. ಈ ಸಲದ ಪತ್ರಗಳಲ್ಲೂ ಅರ್ಧಕ್ಕರ್ಧ ಸೊಂಟ, ಕತ್ತು, ಉಳಿದದ್ದು ತಲೆ. ಬರೀ ಎಂಆರ್‌ಐ ಫಿಲ್ಮಿನ ಫೋಟೋ ವಾಟ್ಸಾಪ್ ಮಾಡಿ 'ಏನಾಗಿದೆ ಹೇಳಿ ಸಾರ್' ಅಂದೋರೂ ಇದ್ದಾರೆ, ಅವ್ರಿಗೆ ಉತ್ತರ ಕೊಟ್ಟಿಲ್ಲ. ಫಿಲ್ಮನ್ನ ಟ್ಯೂಬ್‌ಲೈಟಿಗೆ ಹಿಡಿದು ತೆಗೆದ ಫೋಟೋದಲ್ಲಿ ನಂಗೆ ಚೆನ್ನಾಗಿ ಕಂಡಿದ್ದು ಟ್ಯೂಬ್‌ಲೈಟ್ ಒಂದೇ.

ಪ್ರಶ್ನೆ: ನಂಗೆ 38 ವರ್ಷ, ತೋಟದಲ್ಲಿ ರೈಟರ್ ಕೆಲ್ಸ. ಎರಡು ತಿಂಗಳ ಹಿಂದೆ ಕಾಫಿ ಮೂಟೆಗೆ ಕೈ ಕೊಡೋಕೆ ಹೋಗಿ ಸೊಂಟ ಚಳಕ್ ಅಂತು, ಆವತ್ತಿಂದ ಎಡಗಡೆ ಪಿರ್ರೆಯಿಂದ ಪಾದದ ತನಕ ಸೆಳೆತ. ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ ಜಾರಿದೆ, ನರ ಒತ್ತಿದೆ ಅಂತ ಬಂತು. ಒಬ್ಬ ಡಾಕ್ಟ್ರು ಆಪರೇಷನ್ ಮಾಡ್ಸಿ ಅಂದ್ರು, ಇನ್ನೊಬ್ರು ಕಾಯಿರಿ ಅಂದ್ರು. ಈಗ ನೋವು ಅರ್ಧ ಕಮ್ಮಿ ಆಗಿದೆ. ನಮ್ಮಮ್ಮ ಬೆನ್ನಿಗೆ ಕತ್ತಿ ಹಾಕ್ಸಿದ್ರೆ ಕಾಲೇ ಬಿದ್ದೋಗುತ್ತೆ ಅಂತ ಅಳ್ತಾ ಕೂತಿದ್ದಾರೆ. ಏನ್ಮಾಡ್ಲಿ? (ಸಕಲೇಶಪುರ)

ಉತ್ತರ: 'ನೋವು ಅರ್ಧ ಕಮ್ಮಿ ಆಗಿದೆ' ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಲ್ಲ, ಇಡೀ ಪತ್ರದಲ್ಲಿ ನಂಗೆ ಬೇಕಾಗಿದ್ದಿದ್ದು ಅದೇ ಸಾಲು. ಡಿಸ್ಕ್ ಅಂದ್ರೆ ಎರಡು ಮೂಳೆ ಮಧ್ಯದ ಮೆತ್ತೆ, ಸುತ್ತ ಗಟ್ಟಿ ನಾರು, ಒಳಗೆ ಮೆತ್ತಗಿನ ತಿರುಳು. ಒಬ್ಬಟ್ಟು ತಟ್ಟುವಾಗ ಕಣಕ ಹರಿದು ಹೂರಣ ಆಚೆ ಬರುತ್ತಲ್ಲ, ಹಂಗೆ ನಾರು ಹರಿದು ತಿರುಳು ಹಿಂದಕ್ಕೆ ಬಂದು ಕಾಲಿಗೆ ಹೋಗೋ ನರಕ್ಕೆ ತಾಕುತ್ತೆ. ಅದಕ್ಕೇ ತೊಂದ್ರೆ ಸೊಂಟದಲ್ಲಿದ್ರೂ ನೋವು ಪಾದದಲ್ಲಿ. ಸೊಂಟದ ಡಿಸ್ಕ್ ಜಾರೋದು 100ಕ್ಕೆ 90ಕ್ಕಿಂತ ಜಾಸ್ತಿ ಕೇಸಲ್ಲಿ ನಿಮ್ಮ ಈ ಎಲ್4-ಎಲ್5, ಅಂದ್ರೆ ಸೊಂಟದ ನಾಲ್ಕು-ಐದನೇ ಮೂಳೆ ಮಧ್ಯೆ, ಇಲ್ಲಾಂದ್ರೆ ಅದರ ಕೆಳಗಿನ ಎಲ್5-ಎಸ್1 ಜಾಗದಲ್ಲೇ. ಆದ್ರೆ ಈ ಆಚೆ ಬಂದ ತಿರುಳು ಹಂಗೇ ಕೂತಿರಲ್ಲ, ಎಷ್ಟೋ ಜನರಲ್ಲಿ ಮೈಯೇ ಅದನ್ನ ನಿಧಾನಕ್ಕೆ ಕರಗಿಸಿಬಿಡುತ್ತೆ, ಹೆಚ್ಚಿನವ್ರಿಗೆ ಆರು ವಾರದಿಂದ ಮೂರು ತಿಂಗಳೊಳಗೆ ಕಾಲು ನೋವು ಇಳಿಯುತ್ತೆ. ನಿಮ್ದು ಆ ದಾರಿ ಹಿಡಿದಂಗಿದೆ, ಆದ್ರಿಂದ ಕಾಯಿರಿ ಅಂದವ್ರ ಕಡೆ ನಾನು.

ರಿಪೋರ್ಟ್ ನೋಡಿ ಹೆದರಿಕೊಳ್ಳೋರಿಗೆ ಇನ್ನೊಂದ್ ಮಾತು. ಬೆನ್ನು ನೋವೇ ಇಲ್ಲದವ್ರ ಸ್ಕ್ಯಾನ್‌ಗಳನ್ನೆಲ್ಲಾ ಒಟ್ಟು ಹಾಕಿ ನೋಡಿದ ಒಂದು ಲೆಕ್ಕ 2015ರಲ್ಲಿ ಬಂತು, ಅದರ ಪ್ರಕಾರ 20ರ ಹರೆಯದಲ್ಲೇ 100ಕ್ಕೆ 30 ಜನಕ್ಕೆ ಡಿಸ್ಕ್ ಬಲ್ಜ್, ಅಂದ್ರೆ ಡಿಸ್ಕ್ ಸ್ವಲ್ಪ ಉಬ್ಬಿರೋದು, ಇರುತ್ತೆ, 80 ವರ್ಷಕ್ಕೆ 84 ಜನಕ್ಕೆ. ನೋವಿಲ್ಲದವ್ರ ಲೆಕ್ಕ ಕಣ್ರೀ ಇದು! ಅಂದ್ಮೇಲೆ ಬಲ್ಜ್ ಅನ್ನೋದು ತಲೆಕೂದ್ಲು ನರೆತಂಗೆ. ಅದಕ್ಕೇ ನಾವು ಫಿಲ್ಮ್ ಬದಿಗಿಟ್ಟು ಮೊದ್ಲು ನಿಮ್ಮನ್ನ ಮಲಗಿಸಿ ಕಾಲು ನೆಟ್ಟಗೆ ಮೇಲೆತ್ತಿ ನೋಡೋದು, ಹಿಮ್ಮಡಿ ಮೇಲೆ ನಡೀರಿ, ತುದಿಗಾಲಲ್ಲಿ ನಿಲ್ಲಿ, ಹೆಬ್ಬೆರಳು ಮೇಲಕ್ಕೆತ್ತಿ ಅನ್ನೋದು. ಹೆಬ್ಬೆರಳು ಏಳಲ್ಲ ಅಂದ್ರೆ ಎಲ್5 ನರ, ತುದಿಗಾಲಲ್ಲಿ ನಿಲ್ಲೋಕಾಗಲ್ಲ ಅಂದ್ರೆ ಎಸ್1. ಮನೆಯಲ್ಲೇ ವಾರಕ್ಕೊಂದ್ಸಲ ನೋಡ್ಕೊಳ್ಳಿ, ದುಡ್ಡು ಖರ್ಚಿಲ್ಲ.

ಹಂಗಾದ್ರೆ ಆಪರೇಷನ್ ಯಾವಾಗ? ಪಾದ ಎತ್ತೋಕಾಗ್ದೆ ನೆಲಕ್ಕೆ ಎಳೀತಾ ಇದ್ರೆ, ಬಲ ದಿನದಿಂದ ದಿನಕ್ಕೆ ಕಮ್ಮಿ ಆಗ್ತಿದ್ರೆ, ಇಲ್ಲಾಂದ್ರೆ ಆರರಿಂದ ಹನ್ನೆರಡು ವಾರ ಮಾತ್ರೆ, ಫಿಸಿಯೋಥೆರಪಿ ಎಲ್ಲಾ ಮಾಡಿದ್ರೂ ನಿದ್ದೆ ಇಲ್ಲ, ಕೆಲ್ಸ ಇಲ್ಲ ಅನ್ನೋ ಹಂಗಿದ್ರೆ. ಒಂದು ವಿಷಯಕ್ಕೆ ಮಾತ್ರ ವಾರ ಅಲ್ಲ, ಒಂದು ರಾತ್ರಿನೂ ಕಾಯ್ಬಾರ್ದು: ಮೂತ್ರ ಕಟ್ಟೋದು ಅಥವಾ ಗೊತ್ತಿಲ್ದೆ ಹೋಗೋದು, ಕೂತಾಗ ಸೀಟಿಗೆ ತಾಕೋ ಜಾಗ ಮರಗಟ್ಟೋದು, ಎರಡೂ ಕಾಲು ಸೋಲೋದು. ಇಲ್ಲಿ ಒಂದೆರಡು ದಿನ ತಡ ಮಾಡಿದ್ರೆ ಜೀವನಪೂರ್ತಿ ಮೂತ್ರದ ಪೈಪ್ ಗತಿ ಆಗ್ಬಹುದು. ನಾಚಿಕೆಗೆ ಹೇಳ್ದೆ ಮೂರು ದಿನ ತಡೆದು ಬಂದೋರನ್ನ ನೋಡಿದ್ದೀನಿ, ಹೊಟ್ಟೆ ಉರಿಯುತ್ತೆ.

ಇನ್ನು ಅಮ್ಮನ ಭಯ. ಅವ್ರಿಗೆ ಹೀಗೆ ಹೇಳಿ: ಮಿದುಳಿಂದ ಇಳಿಯೋ ಬಳ್ಳಿ, ಅಂದ್ರೆ ಬೆನ್ನುಹುರಿ, ದೊಡ್ಡವ್ರಲ್ಲಿ ಸೊಂಟದ ಮೊದಲನೇ-ಎರಡನೇ ಮೂಳೆ ಹತ್ರಾನೇ ಮುಗಿದುಹೋಗುತ್ತೆ, ನಾಲ್ಕು-ಐದನೇ ಮೂಳೆ ಹತ್ರ ಇರೋದು ಬಿಡಿ ಬಿಡಿ ನರಗಳ ಜಡೆ. ಈ ಡಿಸ್ಕಿಂದ ನರ ಒತ್ತುತ್ತೆ, ತೆಗೆದ್ರೆ ಸರಿಹೋಗುತ್ತೆ ಅಂತ ಅಮೆರಿಕದ ಮಿಕ್ಸ್ಟರ್, ಬಾರ್ ಅನ್ನೋರು 1934ರಲ್ಲೇ ಬರೆದ್ರು. ಈಗ ಮೈಕ್ರೋಸ್ಕೋಪ್ ಇಟ್ಕೊಂಡು ಎರಡು ಮೂರು ಸೆಂಟಿಮೀಟರ್ ಗಾಯದಲ್ಲಿ ಆಚೆ ಬಂದಿರೋ ಚೂರನ್ನ ಮಾತ್ರ ತೆಗೀತಾರೆ, ಹೆಚ್ಚಿನವ್ರು ಮಾರನೇ ದಿನ ನಡೀತಾರೆ. ರಿಸ್ಕೇ ಇಲ್ಲ ಅಂದ್ರೆ ಸುಳ್ಳಾಗುತ್ತೆ, ಸೋಂಕು ಆಗ್ಬಹುದು, ನರದ ಪೊರೆ ಹರೀಬಹುದು, 100ಕ್ಕೆ 5ರಿಂದ 10 ಜನಕ್ಕೆ ಅದೇ ಜಾಗದಲ್ಲಿ ಮತ್ತೆ ಜಾರುತ್ತೆ. ಮತ್ತೆ ಆಪರೇಷನ್ ಕಾಲಿನ ಸೆಳೆತಕ್ಕೆ ಚೆನ್ನಾಗಿ ಕೆಲ್ಸ ಮಾಡುತ್ತೆ, ಬರೀ ಸೊಂಟ ನೋವಿಗೆ ಅಷ್ಟಿಲ್ಲ. ಇದನ್ನ ಮೊದ್ಲೇ ಕೇಳಿ ತಿಳ್ಕೊಂಡಿಲ್ಲ ಅಂದ್ರೆ ಆಮೇಲೆ ಜಗಳ.

ಪ್ರಶ್ನೆ: ಸೊಂಟ ನೋವಿದ್ರೆ ಹಲಗೆ ಮೇಲೆ ಮಲಗ್ಬೇಕಂತೆ, ಬೆಲ್ಟ್ ಯಾವಾಗ್ಲೂ ಕಟ್ಕೊಂಡಿರ್ಬೇಕಂತೆ, ನಿಜಾನಾ? (ಹೊಳೆನರಸೀಪುರ)

ಉತ್ತರ: ಎರಡೂ ಬೇಡ. ತೀರಾ ಗುಂಡಿ ಬೀಳದ ಹಾಸಿಗೆ ಆದ್ರೆ ಸಾಕು. ನೋವು ಜೋರಿದ್ದಾಗ ಒಂದೆರಡು ದಿನ ಮಲಗಿ, ಆಮೇಲೆ ಎದ್ದು ಓಡಾಡಿ, ವಾರಗಟ್ಲೆ ಮಲಗಿದ್ರೆ ಬೆನ್ನಿನ ಮಾಂಸಖಂಡ ಸೊರಗಿ ನೋವು ಜಾಸ್ತಿ. ಬೆಲ್ಟೂ ಅಷ್ಟೇ, ಬಸ್ಸಲ್ಲಿ ಹೋಗುವಾಗ ಹಾಕ್ಕೊಳ್ಳಿ, ಮನೆಗೆ ಬಂದು ಬಿಚ್ಚಿಡಿ.

ಪ್ರಶ್ನೆ: ನಮ್ಮಪ್ಪನಿಗೆ 62 ವರ್ಷ, ತೆಂಗಿನ ತೋಟ ನೋಡ್ಕೊಂಡಿದ್ರು. ಆರು ತಿಂಗಳಿಂದ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಬರ್ತಿಲ್ಲ, ಮುದ್ದೆ ಮುರಿಯೋಕೆ ಬೆರಳು ಮಾತು ಕೇಳಲ್ಲ ಅಂತಾರೆ. ನಡೆಯುವಾಗ ಕುಡಿದವ್ರ ತರ ತೂರಾಡ್ತಾರೆ, ಕಾಲಿಂದ ಚಪ್ಪಲಿ ಜಾರಿ ಹಿಂದೆ ಬಿದ್ದಿರುತ್ತೆ, ಅವ್ರು ಮುಂದೆ ಹೋಗ್ತಾ ಇರ್ತಾರೆ. ಶುಗರ್ ಇದೆ, ಅದರದ್ದೇ ಜೋಮು ಅಂತ ವಿಟಮಿನ್ ಇಂಜೆಕ್ಷನ್ ಕೊಡ್ತಿದ್ದಾರೆ. ಕತ್ತು ನೋವಿಲ್ಲ. (ಅರಸೀಕೆರೆ)

ಉತ್ತರ: ನೀವು ಆ ಚಪ್ಪಲಿ ವಿಷಯ ಬರೆದಿದ್ದು ಬಹಳ ಒಳ್ಳೇದಾಯ್ತು. ಶುಗರ್ ಜೋಮು ಸಾಮಾನ್ಯವಾಗಿ ಎರಡೂ ಪಾದದ ಬೆರಳಿಂದ ಶುರುವಾಗಿ ನಿಧಾನಕ್ಕೆ ಮೇಲೆ ಬರುತ್ತೆ. ಇಲ್ಲಿ ಕೈಬೆರಳ ಚುರುಕು ಹೋಗಿದೆ, ಜೊತೆಗೆ ತೂರಾಟ, ಅಂದ್ರೆ ಕತ್ತಲ್ಲಿ ಬಳ್ಳಿ ಒತ್ತಿದೆ ಅನ್ನೋ ಅನುಮಾನ ಮೊದ್ಲು ಬರ್ಬೇಕು. ವಯಸ್ಸಾದಂಗೆ ಕತ್ತಿನ ಡಿಸ್ಕ್ ಒಣಗಿ, ಮೂಳೆ ಅಂಚು ಬೆಳೆದು, ಬಳ್ಳಿ ಹೋಗೋ ಕೊಳವೆ ಕಿರಿದಾಗುತ್ತೆ, ಕತ್ತು ನೋವು ಇರಲೇಬೇಕು ಅಂತ ಏನಿಲ್ಲ. ಮನೆಯಲ್ಲಿ ಒಂದು ಪರೀಕ್ಷೆ ಮಾಡಿ, ಮೊಬೈಲಲ್ಲಿ 10 ಸೆಕೆಂಡ್ ಇಟ್ಟು ಮುಷ್ಟಿ ಪೂರ್ತಿ ಬಿಚ್ಚಿ ಪೂರ್ತಿ ಮುಚ್ಚೋಕೆ ಹೇಳಿ. ಸರಿ ಇದ್ದೋರು 20 ಸಲ ಮಾಡ್ತಾರೆ. ಅಪ್ಪ ಹತ್ತು ಹನ್ನೆರಡಕ್ಕೆ ನಿಂತ್ರೆ ಮಾರನೇ ದಿನಾನೇ ನ್ಯೂರೋ ಡಾಕ್ಟ್ರ ಹತ್ರ ಹೋಗಿ, ಕತ್ತಿನ ಎಂಆರ್‌ಐ ಆಗ್ಬೇಕು.

ಸೊಂಟದ ಡಿಸ್ಕಿಗೆ ಕಾಯಿರಿ ಅಂದೆ, ಇಲ್ಲಿ ಹಂಗನ್ನಲ್ಲ, ಯಾಕಂದ್ರೆ ಬಳ್ಳಿ ಒಂದ್ಸಲ ಸತ್ರೆ ಚಿಗುರಲ್ಲ. ಒತ್ತಡ ಒಂದೆರಡು ಕಡೆ ಇದ್ರೆ ಕತ್ತಿನ ಮುಂದಿನಿಂದ ಹೋಗಿ ಡಿಸ್ಕ್ ತೆಗೆದು ಮೂಳೆ ಕೂಡಿಸ್ತಾರೆ, ಮೂರ್ನಾಲ್ಕು ಕಡೆ ಇದ್ರೆ ಹಿಂದಿನಿಂದ ಹೋಗೋದೇ ಹೆಚ್ಚು. ಮೂಳೆಯ ಕಮಾನನ್ನ ಬಾಗಿಲು ತೆರೆದಂಗೆ ಒಂದು ಪಕ್ಕಕ್ಕೆ ತೆರೆದು ಬಳ್ಳಿಗೆ ಜಾಗ ಮಾಡೋ ವಿಧಾನ ಜಪಾನಿನವ್ರು 1970ರ ದಶಕದಲ್ಲಿ ಶುರುಮಾಡಿದ್ದು. ಆಪರೇಷನ್ ಆದ ಮಾರನೇ ದಿನ ಅಪ್ಪ ಗುಂಡಿ ಹಾಕ್ಕೊಳ್ತಾರೆ ಅಂತ ಕಾಯ್ಬೇಡಿ, ಇನ್ನೂ ಹದಗೆಡದಂಗೆ ತಡೆಯೋದೇ ಮೊದಲ ಗುರಿ, ಎಷ್ಟೋ ಜನಕ್ಕೆ ಸುಧಾರಿಸುತ್ತೆ, ಅದು ತಿಂಗಳುಗಟ್ಲೆ ಲೆಕ್ಕ. ಇನ್ನೊಂದು, ಅಪ್ಪ ಕಟಿಂಗ್ ಶಾಪಲ್ಲಿ ಕತ್ತು ಲಟಕ್ ಅನ್ನಿಸಿಕೊಳ್ಳೋ ಅಭ್ಯಾಸದವ್ರಾದ್ರೆ ಇವತ್ತಿಂದ ಬಂದ್. ಶೇವಿಂಗ್ ಮುಗಿದ ತಕ್ಷಣ ಎದ್ದುಬರ್ಲಿ.

ಪ್ರಶ್ನೆ: ನಮ್ಮತ್ತೆಗೆ 74 ವರ್ಷ. ದೀಪಾವಳಿ ಎಣ್ಣೆ ಸ್ನಾನದ ದಿನ ಬಚ್ಚಲಲ್ಲಿ ಜಾರಿ ತಲೆ ಗೋಡೆಗೆ ತಾಗಿತ್ತು, ಸಣ್ಣ ಬೋರೆ ಬಂದು ಹೋಯ್ತು, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಈಗ ಹದಿನೈದು ದಿನದಿಂದ ಯಾವಾಗ್ಲೂ ತಲೆನೋವು, ನಿದ್ದೆ, ಮೊಮ್ಮಗನ್ನ ಅವ್ರ ತಮ್ಮನ ಹೆಸರಿಂದ ಕರೀತಾರೆ, ಬಲಗಾಲು ಎಳೆದು ಹಾಕ್ತಾರೆ. ಮನೇಲಿ ಅರುಳುಮರುಳು ಅಂತಾರೆ, ನಮ್ಮ ನಾದಿನಿ ಗಾಳಿ ಅಂತಾಳೆ. ಹಾರ್ಟಿಗೆ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರೆ. (ಬೇಲೂರು)

ಉತ್ತರ: ಇದು ಅಚ್ಚಾಗೋ ತನಕ ಕಾಯೋ ವಿಷಯ ಅಲ್ಲ ಅಂತ ಪತ್ರ ಓದಿದ ದಿನಾನೇ ಫೋನ್ ಮಾಡ್ಸಿ, ಹಾಸನಕ್ಕೆ ಕರ್ಕೊಂಡು ಹೋಗಿ ತಲೆ ಸಿಟಿ ಸ್ಕ್ಯಾನ್ ಮಾಡ್ಸಿ ಅಂದಿದ್ವಿ. ಅಂದ್ಕೊಂಡಂಗೇ ಎಡಗಡೆ ಮಿದುಳಿನ ಮೇಲೆ ಹಳೇ ರಕ್ತ ಬಾಳೆಕಾಯಿ ಸೀಳಿನ ಆಕಾರಕ್ಕೆ ತುಂಬ್ಕೊಂಡಿತ್ತು. ವಯಸ್ಸಾದವ್ರಲ್ಲಿ ಮಿದುಳು ಸ್ವಲ್ಪ ಕುಗ್ಗಿರುತ್ತೆ, ಅದಕ್ಕೂ ಮೇಲಿನ ದಪ್ಪ ಪೊರೆಗೂ ಮಧ್ಯೆ ಹಾದುಹೋಗೋ ಸಣ್ಣ ರಕ್ತನಾಳಗಳು ಬಿಗಿದ ದಾರದಂಗಾಗಿರ್ತವೆ, ಸಣ್ಣ ಪೆಟ್ಟಿಗೂ ಒಂದು ಕಿತ್ತು ಬರುತ್ತೆ. ರಕ್ತ ಬುಳಬುಳ ಬರಲ್ಲ, ಜಿನುಗುತ್ತೆ. ಮೂರು ನಾಲ್ಕು ವಾರ ಬಿಟ್ಟು ತೊಂದ್ರೆ ಕಾಣೋ ಹೊತ್ತಿಗೆ ಬಿದ್ದಿದ್ದು ಮನೆಯವ್ರಿಗೆ ಮರೆತೇಹೋಗಿರುತ್ತೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ, ಕುಡಿತ ಇರೋರಿಗೆ ಜಾಸ್ತಿ.

ಮಿದುಳಿನ ಆಪರೇಷನ್ ಅಂದ ತಕ್ಷಣ ಜನ ತಲೆ ಎರಡು ಹೋಳು ಮಾಡ್ತಾರೆ ಅಂದ್ಕೊಳ್ತಾರೆ. ಇದಕ್ಕೆ ಬುರುಡೆಯಲ್ಲಿ ಬೆರಳುಗಾತ್ರದ ಒಂದೋ ಎರಡೋ ತೂತು, ಪೊರೆ ಬಿಚ್ಚಿದ್ರೆ ಹಳೇ ಎಂಜಿನ್ ಆಯಿಲ್ ಬಣ್ಣದ ರಕ್ತ ತಾನಾಗೇ ಹರಿದು ಬರುತ್ತೆ. ಉಸಿರಾಟದ ತೊಂದ್ರೆ ಇರೋರಿಗೆ ತಲೆಗೆ ಮಾತ್ರ ಮರಗಟ್ಟಿಸಿ, ಎಚ್ಚರ ಇರುವಾಗ್ಲೇ ಮಾಡೋದೂ ಉಂಟು. ಕೊನೇಗೆ ಒಂದು ಸಣ್ಣ ಪೈಪ್ ಬಿಟ್ಟು ಎರಡು ದಿನ ಇಡ್ತಾರೆ. 2009ರಲ್ಲಿ ಇಂಗ್ಲೆಂಡಿನವ್ರು ನೋಡಿದಾಗ ಪೈಪ್ ಇಡದವ್ರಲ್ಲಿ 100ಕ್ಕೆ 24 ಜನಕ್ಕೆ ಮತ್ತೆ ತುಂಬಿತ್ತು, ಇಟ್ಟವ್ರಲ್ಲಿ 9 ಜನಕ್ಕೆ. ಹಾರ್ಟಿನ ಮಾತ್ರೆ ನೀವೇ ನಿಲ್ಲಿಸ್ಬೇಡಿ, ನೀವೇ ಮತ್ತೆ ಶುರುನೂ ಮಾಡ್ಬೇಡಿ, ಹಾರ್ಟ್ ಡಾಕ್ಟ್ರೂ ನ್ಯೂರೋ ಡಾಕ್ಟ್ರೂ ಮಾತಾಡಿ ಹೇಳ್ಲಿ. ಮೂರನೇ ದಿನ ಅತ್ತೆ ಆಸ್ಪತ್ರೆ ಕಾಫಿಗೆ ಚಿಕೋರಿ ಜಾಸ್ತಿ ಅಂತ ಬೈದ್ರಂತೆ, ಸೊಸೆ ಫೋನಲ್ಲಿ ಹೇಳಿದ್ರು. ಅಷ್ಟು ಸಾಕು ನಂಗೆ.

ಪ್ರಶ್ನೆ: ಬಲಗೆನ್ನೆಗೆ ಕರೆಂಟ್ ಹೊಡೆದಂಗೆ ನೋವು, ಹಲ್ಲುಜ್ಜೋಕೂ ಆಗಲ್ಲ, ಗಾಳಿ ತಾಕಿದ್ರೂ ಹೊಡೆಯುತ್ತೆ. ಎರಡು ಹಲ್ಲು ಕೀಳ್ಸಿದ್ರೂ ಕಮ್ಮಿ ಆಗಿಲ್ಲ. (ಕಡೂರು)

ಉತ್ತರ: ಮೂರನೇದು ಕೀಳಿಸ್ಬೇಡಿ ತಾಯಿ. ಇದು ಹಲ್ಲಿನದಲ್ಲ, ಮುಖದ ನರದ್ದು ಇರ್ಬೇಕು. ಮಿದುಳಿನ ಬುಡದಲ್ಲಿ ಒಂದು ರಕ್ತನಾಳ ಆ ನರಕ್ಕೆ ಒರಗಿ ಮಿಡೀತಾ ಇರುತ್ತೆ, ನರದ ಹೊದಿಕೆ ಸವೆದು ಶಾರ್ಟ್ ಸರ್ಕ್ಯೂಟ್ ಆದಂಗೆ. ಕಾರ್ಬಮಾಜೆಪಿನ್ ಅನ್ನೋ ಹಳೇ ಫಿಟ್ಸ್ ಮಾತ್ರೆ ಇದಕ್ಕೆ ಮೊದಲ ಮದ್ದು, ಡಾಕ್ಟ್ರು ಬರೆದುಕೊಟ್ಟು ರಕ್ತ ಪರೀಕ್ಷೆ ಮಾಡಿಸ್ಕೊಂಡೇ ತಗೋಬೇಕು, ಮೈಮೇಲೆ ಗುಳ್ಳೆ ಎದ್ರೆ ತಕ್ಷಣ ಆಸ್ಪತ್ರೆ. ಮಾತ್ರೆಗೆ ಬಗ್ಗದಿದ್ರೆ ಕಿವಿ ಹಿಂದೆ ಸಣ್ಣ ಕಿಂಡಿ ಮಾಡಿ, ನರಕ್ಕೂ ರಕ್ತನಾಳಕ್ಕೂ ಮಧ್ಯೆ ಟೆಫ್ಲಾನ್ ಚೂರು ಇಟ್ಟು ಬರ್ತಾರೆ. ದೋಸೆ ಕಾವಲಿಗೆ ಬಳಿದಿರ್ತಾರಲ್ಲ, ಅದೇ ಟೆಫ್ಲಾನು.

ಪ್ರಶ್ನೆ: ಇಂಥ ಆಪರೇಷನ್‌ಗೆ ಕಾರ್ಡ್ ನಡೆಯುತ್ತಾ ಸಾರ್? (ತರೀಕೆರೆ)

ಉತ್ತರ: ಮಿದುಳು, ಬೆನ್ನುಮೂಳೆಯ ಎಷ್ಟೋ ಆಪರೇಷನ್‌ಗಳು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವ್ರಿಗೆ ಪ್ಯಾಕೇಜಿನ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಮೊದ್ಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗಲ್ಲ ಅಂದ್ರೆ ರೆಫರಲ್ ಬರೆಸ್ಕೊಂಡು ಬೇರೆ ಕಡೆ ಹೋಗ್ಬೇಕು. ಎಮರ್ಜೆನ್ಸಿ ಆದ್ರೆ ರೆಫರಲ್ಲಿಗೆ ಕಾಯೋ ಹಾಗಿಲ್ಲ, ಯೋಜನೆಯಲ್ಲಿರೋ ಆಸ್ಪತ್ರೆಗೆ ನೇರ ಹೋಗಿ, ರೇಷನ್ ಕಾರ್ಡು, ಆಧಾರ್ ಜೇಬಲ್ಲಿರ್ಲಿ.

ಪ್ರಶ್ನೆ: ಹೋದ ವರ್ಷ ನಮ್ಮ ತೋಟದಲ್ಲಿ ಮೆಣಸು ಕುಯ್ಯುವಾಗ ಒಬ್ಬ ಸಿಲ್ವರ್ ಮರದಿಂದ ಏಣಿ ಸಮೇತ ಬಿದ್ದ. ನಾಲ್ಕು ಜನ ಕೈ ಕಾಲು ಹಿಡಿದೆತ್ತಿ ಜೀಪಲ್ಲಿ ಕೂರಿಸ್ಕೊಂಡು ಹೋದ್ವಿ. ಬೆನ್ನಿಗೆ ರಾಡ್ ಹಾಕಿದ್ದಾರೆ, ಕಾಲು ಇನ್ನೂ ಬಂದಿಲ್ಲ. ನಾವು ಎತ್ತಿದ್ದರಲ್ಲಿ ತಪ್ಪಾಯ್ತಾ? (ಮೂಡಿಗೆರೆ)

ಉತ್ತರ: ಬಿದ್ದಾಗ್ಲೇ ಆಗಿತ್ತೋ ಎತ್ತಿದಾಗ ಆಯ್ತೋ ಅಂತ ಈಗ ಯಾರೂ ಹೇಳೋಕಾಗಲ್ಲ, ಆ ಕೊರಗು ಬಿಡಿ. ಎತ್ತರದಿಂದ ಬಿದ್ರೆ ಜಾಸ್ತಿ ಮುರಿಯೋದು ಬೆನ್ನುಮೂಳೆಯಲ್ಲಿ ಎದೆ ಭಾಗ ಮುಗಿದು ಸೊಂಟದ ಭಾಗ ಶುರುವಾಗೋ ಜಾಗ, ಬಳ್ಳಿ ಮುಗಿಯೋದೂ ಅಲ್ಲೇ. ರಾಡು, ಸ್ಕ್ರೂ ಹಾಕೋದು ಮೂಳೆ ಅಲ್ಲಾಡದಂಗೆ ಹಿಡಿದಿಡೋಕೆ, ಬೇಗ ಕೂರಿಸಿ ಬೆನ್ನಿಗೆ ಹುಣ್ಣಾಗದಂಗೆ ನೋಡ್ಕೊಳ್ಳೋಕೆ, ಜಜ್ಜಿಹೋದ ಬಳ್ಳಿಯನ್ನ ಅದು ಜೋಡಿಸಲ್ಲ. ಕಾಲಲ್ಲಿ ಸ್ವಲ್ಪನಾದ್ರೂ ಸ್ಪರ್ಶ ಉಳಿದಿದ್ರೆ ಆಸೆ ಇದೆ, ಫಿಸಿಯೋಥೆರಪಿ ಬಿಡ್ಬೇಡಿ, ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸೋದೂ ಬಿಡ್ಬೇಡಿ.

ಈ ವರ್ಷದ ಕೊಯ್ಲಿಗೆ ಮಾತ್ರ ಇಷ್ಟು ನೆನಪಿಡಿ. ಬಿದ್ದೋನನ್ನ ಕೂರಿಸ್ಬೇಡಿ, ನಿಲ್ಲಿಸ್ಬೇಡಿ, ನೀರು ಕುಡಿಸ್ಬೇಡಿ. ಒಬ್ರು ತಲೆ ಎರಡೂ ಕಡೆ ಅಲ್ಲಾಡದಂಗೆ ಹಿಡೀರಿ, ಅವ್ರು ಹೇಳಿದಾಗ ಮೂರು ಜನ ಒಟ್ಟಿಗೆ ಮರದ ದಿಮ್ಮಿ ಉರುಳಿಸಿದಂಗೆ ಪಕ್ಕಕ್ಕೆ ತಿರುಗಿಸಿ, ಬೆನ್ನ ಹಿಂದೆ ಹಲಗೆ ತಳ್ಳಿ, ಹಂಗೇ ವಾಪಸ್ ಮಲಗಿಸಿ, ಪಂಚೆಯಿಂದ ಹಲಗೆಗೆ ಕಟ್ಟಿ. ಅಷ್ಟರೊಳಗೆ ಇನ್ನೊಬ್ರು 108ಕ್ಕೆ ಫೋನ್ ಮಾಡಿರ್ಲಿ, ಸಿಗ್ನಲ್ ಸಿಗೋ ಗುಡ್ಡಕ್ಕೆ ಓಡ್ಬೇಕಾದ್ರೆ ಓಡ್ಲಿ. ತೋಟದಲ್ಲಿ ಹಲಗೆ ಎಲ್ಲಿಂದ ತರೋದು ಅಂದ್ರೆ ಲೈನ್ ಮನೆ ಬಾಗಿಲು ಕೀಲಿಂದ ಎತ್ಕೊಳ್ಳಿ, ಸಾಯಂಕಾಲ ಮತ್ತೆ ಹಾಕಿದ್ರಾಯ್ತು.