ಗಂಟಲು ಕ್ಯಾನ್ಸರ್: ಧ್ವನಿಪೆಟ್ಟಿಗೆ ತೆಗೆಸಬೇಕಾ, ರೇಡಿಯೇಷನ್ ಸಾಕಾ?

ನಿಮ್ಮ ತಂದೆಗೆ ಧ್ವನಿಪೆಟ್ಟಿಗೆಯಲ್ಲಿ ಮೂರನೇ ಹಂತದ ಕ್ಯಾನ್ಸರ್ ಇದೆ, ಒಬ್ಬ ಡಾಕ್ಟರು ಆಪರೇಷನ್ ಅಂದರೆ ಇನ್ನೊಬ್ಬರು ಕೀಮೋ ಜೊತೆ ರೇಡಿಯೇಷನ್ ಅಂದಿದ್ದಾರೆ, ಯಾವುದು ಸರಿ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ. ನಮ್ಮ ಚಿಕ್ಕಪ್ಪನಿಗೆ ಇದೇ ಕಾಯಿಲೆ ಬಂದಾಗ ಜೊತೆಗಿದ್ದು ನೋಡಿಕೊಂಡವನು.

ಶುರುವಿನ ಹಂತದಲ್ಲಾದರೆ ಬರೀ ರೇಡಿಯೇಷನ್ ಅಥವಾ ಲೇಸರ್ ಆಪರೇಷನ್ ಸಾಕಾಗುತ್ತದೆ. ಮೂರನೇ ಹಂತದಲ್ಲಿ ಎರಡು ದಾರಿಯೂ ಇರುತ್ತವೆ. ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಮೊದಲು ಕೀಮೋ, ಆಮೇಲೆ ರೇಡಿಯೇಷನ್ ಪಡೆದವರಲ್ಲಿ ಶೇ. 64ರಷ್ಟು ಜನರ ಧ್ವನಿಪೆಟ್ಟಿಗೆ ಉಳಿಯಿತು. ಎರಡು ವರ್ಷದ ನಂತರ ಬದುಕುಳಿದವರ ಪ್ರಮಾಣ ಆಪರೇಷನ್ ಆದವರಷ್ಟೇ ಇತ್ತು. ಈಗ ಸಾಮಾನ್ಯವಾಗಿ ಕೀಮೋ, ರೇಡಿಯೇಷನ್ ಒಟ್ಟಿಗೇ ಕೊಡುತ್ತಾರೆ. ಆದರೆ ಗಡ್ಡೆ ಧ್ವನಿಪೆಟ್ಟಿಗೆಯ ಎಲುಬಿನಂಥ ಗಟ್ಟಿ ಭಾಗವನ್ನು ತಿಂದು ಹೊರಗೆ ಬಂದಿದ್ದರೆ ಆಪರೇಷನ್ನೇ ಮೇಲು. ನೀರು ಕುಡಿದರೂ ಶ್ವಾಸಕೋಶಕ್ಕೆ ಇಳಿಯುವಂತಿದ್ದರೂ ಹೆಚ್ಚಾಗಿ ಅದನ್ನೇ ಹೇಳುತ್ತಾರೆ. ಪೆಟ್ಟಿಗೆ ಉಳಿದು ನುಂಗಲಾಗದಿದ್ದರೆ ಏನು ಲಾಭ, ಅಲ್ವಾ? ಈ ಎರಡನ್ನೂ ಡಾಕ್ಟರ ಹತ್ತಿರ ನೇರವಾಗಿ ಕೇಳಿ.

ರೇಡಿಯೇಷನ್ ಆರೇಳು ವಾರ, ವಾರಕ್ಕೆ ಐದು ದಿನ. ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಹುಳುಕು ಹಲ್ಲನ್ನು ಆಮೇಲೆ ಕೀಳಿಸಿದರೆ ದವಡೆ ಮೂಳೆ ಮಾಯದೇ ಹೋಗಬಹುದು. ಮೊದಲೆರಡು ವಾರ ಚಿಕ್ಕಪ್ಪ ಆರಾಮಾಗೇ ಊಟ ಮಾಡುತ್ತಿದ್ದರು. ಆಮೇಲೆ ಬಾಯಿ ಹುಣ್ಣು, ರುಚಿಯೇ ಇಲ್ಲ, ಎಂಜಲು ನುಂಗಿದರೂ ಉರಿ. ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ನೋವು ಜಾಸ್ತಿಯೇ ಇತ್ತು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾವು ಅಷ್ಟು ಹೆದರುತ್ತಿರಲಿಲ್ಲ. ತೆಳ್ಳಗಿನ ರಾಗಿ ಗಂಜಿ, ಮೆತ್ತಗಿನ ಮೊಸರನ್ನ, ಬೇಯಿಸಿದ ಮೊಟ್ಟೆ ಹಿಸುಕಿ ಕೊಡುತ್ತಿದ್ದೆವು. ಖಾರ, ಹುಳಿ ಬೇಡವೇ ಬೇಡ. ತೂಕ ಇಳಿಯುತ್ತಿದ್ದರೆ ಮೂಗಿನಿಂದ ಹೊಟ್ಟೆಗೆ ಆಹಾರ ಕೊಡುವ ನಳಿಕೆಗೆ ಒಪ್ಪಿಕೊಳ್ಳಿ, ಅದು ಸೋಲಲ್ಲ. ನಳಿಕೆ ಇದ್ದರೂ ನುಂಗುವ ವ್ಯಾಯಾಮ ಬಿಡಿಸಬೇಡಿ. ಬಿಟ್ಟರೆ ಗಂಟಲು ಬಿಗಿದುಕೊಳ್ಳುತ್ತದೆ.

ಆಪರೇಷನ್ ಆದರೆ ಕುತ್ತಿಗೆಯ ರಂಧ್ರದಿಂದಲೇ ಉಸಿರಾಟ, ಅದು ಶಾಶ್ವತ. ಆದರೂ ಮಾತು ನಿಂತುಹೋಗಬೇಕಿಲ್ಲ. ಮಾತಾಡಲು ಒಳಗೆ ಕೂರಿಸುವ ಪುಟ್ಟ ಸಾಧನಗಳಿವೆ. ಹೊರದೇಶದ್ದು ಸಾವಿರಾರು ರೂಪಾಯಿ. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿಯ 'ಓಂ' ಎಂಬ ಸಾಧನ ರೂಪಿಸಿದ್ದಾರೆ. ನಿಮ್ಮ ಸರ್ಜನ್ ಹತ್ತಿರ ವಿಚಾರಿಸಿ.

ತಂದೆ ಬೀಡಿ ಸೇದುತ್ತಿದ್ದರೆ ಇವತ್ತೇ ನಿಲ್ಲಿಸಿ. ಸೇದುತ್ತಿದ್ದರೆ ರೇಡಿಯೇಷನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಗೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಚಿಕಿತ್ಸೆ ಶುರುವಾಗುವ ಮುಂಚೆಯೇ ಆ ಕಾಗದ ಮಾಡಿಸಿ. ಎಲ್ಲ ಮುಗಿದ ಮೇಲೆ ಥೈರಾಯ್ಡ್ ಪರೀಕ್ಷೆ ಆಗಾಗ ಮಾಡಿಸುತ್ತಿರಿ, ಕುತ್ತಿಗೆಗೆ ಚಿಕಿತ್ಸೆ ಆದ ಮೇಲೆ ಥೈರಾಯ್ಡ್ ಕೆಲಸ ಕುಗ್ಗಬಹುದು. ಚಿಕ್ಕಪ್ಪನಿಗೆ ಸುಸ್ತು ಹೋಗದೇ ಇದ್ದದ್ದು ಅದರಿಂದಲೇ, ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಚೇತರಿಸಿಕೊಂಡರು.